ತೂಕ ಇಳಿಸಿಕೊಂಡು ಬಾ ಕೂಸೇ, ಹಾಲು ಕೊಡುತ್ತೇವೆ

ಕೇಳಿರಿ, ಕೇಳಿರಿ! ಬಸ್ಸಿಗೆ ಕಾದು ನಿಂತವರೇ, ಗಂಟುಮೂಟೆಯ ಮೇಲೆ ಕುಳಿತವರೇ, ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಓಡುತ್ತಿರುವ ತಾಯಂದಿರೇ, ಒಂದು ಗಳಿಗೆ ನಿಂತು ಇತ್ತ ಕಿವಿಗೊಡಿರಿ! ಮೂವತ್ತೊಂದು ವರ್ಷ ಈ ನಿಲ್ದಾಣದ ಮೈಕಿನಲ್ಲಿ ಯಾವ ಬಸ್ಸು ಎಲ್ಲಿಗೆ ಹೊರಟಿತೆಂದು ಕೂಗಿದವನು ನಾನು. ಇಂದು ಕೂಗುತ್ತಿರುವುದು ಬಸ್ಸನ್ನಲ್ಲ, ಶಿಶು ಪೋಷಣಾ ಕಚೇರಿಯ ಮುಖ್ಯಾಧಿಕಾರಿಗಳನ್ನು. ಲಕೋಟೆಯಲ್ಲಿಟ್ಟು ಕಳಿಸಿದ ಮೂರು ಕಾಗದಗಳಿಗೆ ಅವರು ಓಗೊಡಲಿಲ್ಲ. ಆದ್ದರಿಂದ ನಾಲ್ಕನೆಯದನ್ನು ನಿಮ್ಮೆಲ್ಲರ ಸಮಕ್ಷಮದಲ್ಲಿ ಬರೆಯುತ್ತಿದ್ದೇನೆ.

ಮಾನ್ಯರೇ, ನನ್ನ ಏಳು ತಿಂಗಳ ಮೊಮ್ಮಗಳ ಹಾಲನ್ನು ತಾವು ನಿಲ್ಲಿಸಿದ್ದೀರಿ. ಅವಳು ಮಾಡಿದ ಅಪರಾಧ ಒಂದೇ: ಬೆಳೆದಳು.

ಹಾಲು ಕುಡಿದ ಮಕ್ಕಳೇ ಬದುಕುವುದಿಲ್ಲ, ಇನ್ನು ವಿಷ ಕುಡಿದ ಮಕ್ಕಳು ಬದುಕುತ್ತವೆಯೇ ಎಂದು ನಾವೆಲ್ಲ ಗಾದೆ ಹೇಳಿಕೊಂಡು ಬಂದವರು. ನಮ್ಮ ಮನೆಯಲ್ಲಿ ಹಾಲೇ ವಿಷವಾಯಿತು. ಎರಡನೇ ತಿಂಗಳಲ್ಲಿ ಮಗಳ ಎದೆಹಾಲು ಸಾಲದೆ ಹೋಗಿ, ಎಲ್ಲರಂತೆ ಮಾಮೂಲಿ ಪುಡಿಹಾಲು ಕೊಟ್ಟೆವು. ಕೂಸು ಕುಡಿದದ್ದನ್ನೆಲ್ಲ ಕಾರಿತು. ಕೆನ್ನೆ ಬಿರಿದು ಕೆಂಪಾಯಿತು. ಒಂದು ಮಧ್ಯಾಹ್ನ ಲಂಗೋಟಿ ಬಿಚ್ಚಿದ ಮಗಳು ಕಿರುಚಿದಳು, "ಅಪ್ಪಾ, ರಕ್ತ!" ಮೂರು ತಿಂಗಳು ತುಂಬಿದಾಗ ಅವಳ ತೂಕ ಮೂರು ಕಿಲೋ ಒಂಬೈನೂರು ಗ್ರಾಂ. ಎತ್ತಿಕೊಂಡರೆ ಒಗೆದು ಹಿಂಡಿದ ಬಟ್ಟೆ ಎತ್ತಿಕೊಂಡಂತೆ.

ಮಕ್ಕಳ ಡಾಕ್ಟರಮ್ಮ ನೋಡಿದ ಕೂಡಲೇ ಹೇಳಿದರು, "ತಾತ, ಈ ಮಗುವಿಗೆ ಹಸುವಿನ ಹಾಲಿನ ಪ್ರೋಟೀನ್ ಆಗಲ್ಲ. ಮೇಕೆ ಹಾಲು ಕೊಡಿ ಅಂತ ಅಕ್ಕಪಕ್ಕದವರು ಹೇಳ್ತಾರೆ, ಕೇಳ್ಬೇಡಿ, ಅದೂ ಆಗಲ್ಲ. ಆ ಪ್ರೋಟೀನನ್ನೇ ಚೂರುಚೂರು ಮಾಡಿರೋ ಬೇರೆ ಪುಡಿ ಇದೆ. ಅದೊಂದೇ ದಾರಿ." ಆ ಪುಡಿ ನಮ್ಮೂರ ಅಂಗಡಿಗಳಲ್ಲಿ ಸಿಗುವುದಿಲ್ಲ, ತಮ್ಮ ಉಗ್ರಾಣದಲ್ಲಿ ಮಾತ್ರ ಸಿಗುತ್ತದೆ. ತಾವು ಕೊಟ್ಟಿರಿ, ಇಲ್ಲವೆಂದರೆ ನಾಲಿಗೆಗೆ ಹುಳ ಬೀಳಲಿ. ಒಂದು ವಾರದಲ್ಲಿ ರಕ್ತ ನಿಂತಿತು. ತೊಡೆಯಲ್ಲಿ ಮೊದಲ ಮಡಿಕೆ ಮೂಡಿದ ದಿನ ಮಗಳು ಅದನ್ನು ಒತ್ತಿ ಒತ್ತಿ ನೋಡಿ, "ಅಪ್ಪಾ, ಇದು ಊತ ಅಲ್ಲ ತಾನೇ?" ಎಂದು ಕೇಳಿದಳು. ಕೊಬ್ಬು ಎಂಬುದು ಹೇಗಿರುತ್ತದೆಂದು ಅವಳಿಗೆ ಮರೆತೇಹೋಗಿತ್ತು.

ಈಗ ನನ್ನ ತಪ್ಪನ್ನು ತುಂಬಿದ ಸಭೆಯಲ್ಲಿ ಒಪ್ಪಿಕೊಳ್ಳುತ್ತೇನೆ. ನಾಟಕ ನೋಡಿ ಬೆಳೆದವನು ನಾನು. ಹತ್ತು ಜನರ ಮುಂದೆ ಬರುವವರು ವೇಷಭೂಷಣ ಸರಿಮಾಡಿಕೊಂಡೇ ಬರಬೇಕೆಂದು ನಂಬಿದವನು. ಮಂಜೂರಾತಿ ಮುಂದುವರಿಸಲು ಕೂಸನ್ನು ತೂಗಬೇಕೆಂದು ತಮ್ಮ ಕಚೇರಿಯಿಂದ ಕರೆ ಬಂದಾಗ ನನ್ನ ಹಳೆಯ ಯೂನಿಫಾರ್ಮ್ ಕೋಟನ್ನು ಕತ್ತರಿಸಿ, ಅವಳಿಗೊಂದು ಪುಟ್ಟ ಕೋಟು ಹೊಲಿದೆ. ಆರು ಹಿತ್ತಾಳೆ ಗುಂಡಿ, ದಪ್ಪ ಅಸ್ತರು, ಕಾಲಿಗೆ ಬೂಟು. ತಕ್ಕಡಿಯ ಹುಡುಗಿ, "ಅಯ್ಯೋ, ಎಷ್ಟು ಚೆನ್ನಾಗ್ ಕಾಣ್ತಾಳೆ! ಬಿಚ್ಚೋದ್ ಬೇಡ ಬಿಡಿ ತಾತ, ಚಳಿ ಇದೆ" ಎಂದಳು. ನಾನು ಮೀಸೆಯಡಿ ನಕ್ಕೆ. ಮುಳ್ಳು ಆರು ಕಿಲೋ ನೂರಿಪ್ಪತ್ತು ತೋರಿಸಿತು. ಅವಳ ವಯಸ್ಸಿಗೆ ತಮ್ಮ ಕೆಂಪು ಗೆರೆ ಇರುವುದು ಆರು ಕಿಲೋಗೆ. ಗೆರೆಯ ಕೆಳಗಿನ ಮಕ್ಕಳಿಗೆ ಮಾತ್ರ ಪುಡಿ ಎಂಬುದು ತಮ್ಮ ನಿಯಮವಂತೆ. ಗುಮಾಸ್ತರು "ಮಗು ಚೇತರಿಸಿಕೊಂಡಿದೆ" ಎಂದು ಬರೆದು ಠಸ್ಸೆ ಒತ್ತಿದರು. ಮನೆಗೆ ಬಂದು ಕೋಟು, ಬೂಟು ತೂಗಿದೆ. ಮುನ್ನೂರು ಗ್ರಾಂ!

ಓಡಿದೆ. ಗುಮಾಸ್ತರು ಕೆಟ್ಟವರಲ್ಲ, ಕುರ್ಚಿ ಕೊಟ್ಟು ಮಾತಾಡಿಸಿದರು.

"ಬರೆದ ತೂಕ ತಿದ್ದೋಕೆ ಬರಲ್ಲ ತಾತ. ಮುಂದಿನ ತೂಕ ಮೂರು ತಿಂಗಳಿಗೆ."

"ಅಲ್ಲೀವರೆಗೂ ಏನಪ್ಪಾ ಕುಡಿಸ್ಲಿ?"

"ಮಾಮೂಲಿ ಪುಡಿಹಾಲೇ ಕೊಟ್ಟು ನೋಡಿ. ಆಗ್ಲಿಲ್ಲ ಅಂದ್ರೆ ತೂಕ ಇಳಿಯತ್ತಲ್ಲ? ಇಳಿದ್ರೆ ಮತ್ತೆ ಮಂಜೂರಾಗತ್ತೆ. ಇಳಿಸ್ಕೊಂಡು ಬನ್ನಿ."

"ಡಾಕ್ಟರಮ್ಮ ನಿಲ್ಲಿಸಬಾರದು ಅಂತ ಬರೆದುಕೊಟ್ಟಿದ್ದಾರಲ್ಲ?"

"ಅದನ್ನ ತುಂಬೋಕೆ ಫಾರಂನಲ್ಲಿ ಜಾಗಾನೇ ಇಲ್ಲ."

ಇಳಿಸಿಕೊಂಡು ಬನ್ನಿ! ಆಹಾ, ಎಂಥ ಮಾತು! ಮಾನ್ಯರೇ, ತಮ್ಮ ನಿಯಮವನ್ನು ನಾನು ಅರ್ಥ ಮಾಡಿಕೊಂಡದ್ದು ಸರಿಯೇ? ಕೂಸು ಸೊರಗಿದರೆ ಹಾಲು. ಹಾಲು ಕುಡಿದು ಚೇತರಿಸಿದರೆ ಹಾಲಿಲ್ಲ. ಮತ್ತೆ ರಕ್ತ ಹೋಗಿ ಬಡಕಲಾದರೆ ಮತ್ತೆ ಹಾಲು. ಕುಂಟನು ಊರುಗೋಲು ಹಿಡಿದು ನಾಲ್ಕು ಹೆಜ್ಜೆ ನಡೆದನೆಂದು ಊರುಗೋಲು ಕಿತ್ತುಕೊಳ್ಳುತ್ತಾರೆಯೇ? ಕೋಟಿನ ಮಾತು ಬಿಡಿ, ಆ ಮೂರ್ಖತನ ನನ್ನದು. ಅವಳು ನಿಜಕ್ಕೂ ಆರು ಕಿಲೋ, ಏಳು ಕಿಲೋ ಇದ್ದಿದ್ದರೂ ಆ ಒಂದೊಂದು ಗ್ರಾಮೂ ಆ ಪುಡಿಯಿಂದಲೇ ಬಂದದ್ದಲ್ಲವೇ? ತೂಕ ಏರಿದ ಮಾತ್ರಕ್ಕೆ ಅಲರ್ಜಿ ಹೋಯಿತೆಂದು ತಮಗೆ ಹೇಳಿದವರಾರು? ಬೇಯಿಸಿ ಅರೆದ ತರಕಾರಿ, ಅಕ್ಕಿ ಗಂಜಿ ಶುರುಮಾಡಿದ್ದೇವೆ. ನಾಲ್ಕು ಚಮಚಕ್ಕೆ ಮುಖ ತಿರುಗಿಸುತ್ತಾಳೆ. ವರ್ಷ ತುಂಬುವವರೆಗೆ ಹಾಲೇ ಮುಖ್ಯ ಆಹಾರ ಎನ್ನುತ್ತಾರೆ ಡಾಕ್ಟರಮ್ಮ.

ಮೊನ್ನೆ ಅಡುಗೆಮನೆಗೆ ಹೋದರೆ, ಮಗಳು ಬೆನ್ನು ತಿರುಗಿಸಿ ನಿಂತು ಬಾಟಲಿಗೆ ಪುಡಿ ಹಾಕುತ್ತಿದ್ದಳು. ಆರು ಚಮಚ ಹಾಕಬೇಕಾದಲ್ಲಿ ನಾಲ್ಕು.

"ಏನಮ್ಮಾ ಇದು? ನೀರು ಜಾಸ್ತಿ ಮಾಡ್ಬಾರ್ದು ಅಂತ ಡಾಕ್ಟರಮ್ಮ ಹೇಳಿಲ್ವಾ?"

"ಎಣಿಸ್ಬೇಡಪ್ಪಾ, ಆ ಕಡೆ ಹೋಗು" ಎಂದಳು. ಮತ್ತೆ, ನನ್ನ ಮುಖ ನೋಡದೆ, "ನೀನು ಅವತ್ತು ಅವಳನ್ನ ಹಾಗೇ ಎತ್ಕೊಂಡು ಹೋಗಿದ್ದಿದ್ರೆ..." ಎಂದು ನಿಲ್ಲಿಸಿದಳು. ಆಮೇಲೆ ಇನ್ನೆರಡು ಚಮಚ ಹಾಕಿ ಬಾಟಲಿ ಕುಲುಕಿದಳು.

ನಾನು ಬೇಡುವುದು ದಯೆಯಲ್ಲ. ಈ ಪುಡಿ ಯಾವ ಕೂಸಿಗೆ, ಎಷ್ಟು ದಿನ ಬೇಕೆಂದು ತಕ್ಕಡಿಯಲ್ಲ, ವೈದ್ಯರು ನಿರ್ಧರಿಸಲಿ. ಬೆಳೆಯುತ್ತಿರುವ ಕೂಸಿನ ಹಾಲನ್ನು ಬೆಳೆದಳೆಂಬ ಕಾರಣಕ್ಕೆ ನಿಲ್ಲಿಸುವ ನಿಯಮವನ್ನು ಹರಿದು ಹಾಕಿರಿ. ಇನ್ನು ಮುಂದೆ ಮಕ್ಕಳನ್ನು ಬರಿಮೈಯಲ್ಲಿ ತೂಗಿರಿ, ನನ್ನಂಥ ಮಂಕುದಿಣ್ಣೆ ತಾತಂದಿರು ಎಷ್ಟೇ ಸಿಂಗರಿಸಿ ತಂದರೂ! ಅದಕ್ಕೂ ಮೊದಲು, ನಾಳೆಯೇ, ನನ್ನ ಮೊಮ್ಮಗಳ ಡಬ್ಬಿಗಳನ್ನು ಕೊಡಿಸಿರಿ.

ಏಕೆಂದರೆ ಕೊನೆಯ ಡಬ್ಬಿ ತಳ ಕಂಡಿದೆ. ಇಂದಿನದು, ನಾಳೆ ಮುಂಜಾನೆಯದು ಕಳೆದರೆ ಉಳಿಯುವುದು ಎರಡು ಬಾಟಲಿಗೆ. ನಾಳೆ ಬೆಳಿಗ್ಗೆ ಹತ್ತಕ್ಕೆ, ಕಾಯಿಸಿದ ನೀರಿನ ಫ್ಲಾಸ್ಕು ಹಿಡಿದು, ಕೂಸನ್ನೆತ್ತಿಕೊಂಡು, ತಮ್ಮ ಕೋಣೆಗೆ ಬರುತ್ತೇನೆ. ಹತ್ತು ಗಂಟೆಯ ಹಾಲನ್ನು ತಮ್ಮ ಮೇಜಿನ ಮೇಲೆಯೇ ಕಲಸಿ ಕುಡಿಸುತ್ತೇನೆ. ಒಂದು ಗಂಟೆಯದನ್ನೂ ಅಲ್ಲೇ ಕುಡಿಸುತ್ತೇನೆ. ಸದ್ದು ಮಾಡುವುದಿಲ್ಲ, ಘೋಷಣೆ ಕೂಗುವುದಿಲ್ಲ. ನಾಲ್ಕು ಗಂಟೆಗೆ ಅವಳು ಬಾಯಿ ತೆರೆಯುತ್ತಾಳೆ. ಆಗ ಅವಳನ್ನು ತಮ್ಮ ತೊಡೆಯ ಮೇಲೆ ಕೂರಿಸಿ, ಏನು ಕುಡಿಸಲಿ ಎಂದು ಕೇಳುತ್ತೇನೆ.

ಇಂತಿ,
ತಮ್ಮ ಕಡತದ ಪ್ರಕಾರ ಈಗ ನೆಮ್ಮದಿಯಿಂದಿರಬೇಕಾದ
ಒಬ್ಬ ತಾತ