ಓವನ್ನಿನಲ್ಲಿ ಅಕ್ಕನ ಕಾಲು

ಮಾರ್ಚ್ 3, ಮಧ್ಯಾಹ್ನ

ಕೃತಕ ಕಾಲು ಮಾಡುವ ವರ್ಕ್‌ಶಾಪಿನಲ್ಲಿ ಮತ್ತೆ ಕಾರ್ಬನ್ ನಾರಿನ ಬಟ್ಟೆ ಕತ್ತರಿಸಿದೆ. ಮೈಯೆಲ್ಲ ತುರಿಕೆ. ಅಕ್ಕನ ಓಟದ ಕಾಲು ಬೆಳಿಗ್ಗೆ ಓವನ್ನಿನಿಂದ ಹೊರಬಂತು. ಕನ್ನಡಿಯಂಥ ಹೊಳಪು. ಇಪ್ಪತ್ತಕ್ಕೆ ಅದನ್ನು ಕಟ್ಟಿಕೊಂಡೇ ಅವಳು ಆಯ್ಕೆಯ ಓಟ ಓಡಬೇಕು. ಮೇಸ್ತ್ರಿ ಬೆನ್ನು ತಟ್ಟಿದರು.

ಊಟ ಸೇರಲಿಲ್ಲ. ಬಿಸಿ ನಿಧಾನ ಏರಿಸು ಎಂದಿದ್ದರು. ಕಾದು ಕೂರಲಾಗದೆ ಗುಂಡಿಯನ್ನು ಒಂದೇ ಸಲ ಎಂಬತ್ತು ಡಿಗ್ರಿಗೆ ತಿರುಗಿಸಿದ್ದೆ...

ಸಂಜೆ

ಕಾಲನ್ನು ನಾಣ್ಯದಿಂದ ತಟ್ಟುತ್ತ ಹೋದೆ. ಟಣ್, ಟಣ್... ಬಾಗಿದ ಕಡೆ ಡಬ್. ಮೇಸ್ತ್ರಿಗೆ ಎಲ್ಲ ಹೇಳಿಬಿಟ್ಟೆ. ಮೇಸ್ತ್ರಿ ಗರಗಸ ಹಾಕಿದರು. ಒಳಗೆಲ್ಲ ಗುಳ್ಳೆ.

"ಬಟ್ಟೆಗೆ ಹಚ್ಚಿದ ರೆಸಿನ್ ಅಂಟು ಗಟ್ಟಿಯಾಗೋವಾಗ ತಾನೇ ಬಿಸಿ ಹುಟ್ಟಿಸುತ್ತೆ. ಅದರ ಮೇಲೆ ನಿನ್ನದೂ ಸೇರಿದ್ರೆ ಕುದಿಯದೆ ಏನ್ಮಾಡುತ್ತೆ, ಮಿಡತೆ?"

"ಬೈಯಿರಿ."

"ನೀನಾಗೇ ಹೇಳಿದ್ಮೇಲೆ ಏನಂತ ಬೈಲಿ? ಇನ್ನೊಂದು ಕಾಲಿಗಾಗೋಷ್ಟೇ ಬಟ್ಟೆ ಇದೆ. ನೀನೇ ಮಾಡು."

ಮನೆಯಲ್ಲೂ ಹೇಳಿದೆ. "ಓಡೋವಾಗ ಮುರಿದಿದ್ರೆ ನಿನ್ನ ಕಾಲೇ ಕಿತ್ಕೊಳ್ತಿದ್ದೆ ಕಣೇ," ಎಂದು ಅಕ್ಕ ನಕ್ಕಳು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದಳು.

ಮಾರ್ಚ್ 9

ಎರಡನೆಯ ಕಾಲು ಓವನ್ನಿನೊಳಗೆ. ಗುಂಡಿ ಚೂರು ತಿರುಗಿಸುವುದು, ಕಾಯುವುದು. ಚೂರು ತಿರುಗಿಸುವುದು, ಕಾಯುವುದು. ಬಾಲ ಸುಟ್ಟ ಬೆಕ್ಕಿನಂತೆ ಸುತ್ತುತ್ತಿದ್ದೇನೆ. ಒಂದು ಪೀರಿಯಡ್ ಕೂರಲಾಗದೆ ಶಾಲೆ ಬಿಟ್ಟವಳು ನಾನು. ಗುಂಡಿ ಮೇಲೆ ಕೈ ಹೋಯಿತು. ತೆಗೆದೆ.

ಮಾರ್ಚ್ 10, ಬೆಳಿಗ್ಗೆ

ಸ್ವಿಚ್ ಆರಿಸಿಯಾಯಿತು. ಬಾಗಿಲು ಮುಚ್ಚಿಯೇ ತಣಿಯಬೇಕು, ಇಲ್ಲದಿದ್ದರೆ ಕಾಲು ಸೊಟ್ಟಗಾಗುತ್ತದೆ. ಅಕ್ಕ ಊರುಗೋಲಿನಲ್ಲಿ ಬಂದಳು.

"ಒಂದೇ ಒಂದ್ಸಲ ಇಣುಕ್ತೀನಿ ಕಣೇ."

"ಊಹೂಂ."

"ನನ್ನ ಕಾಲು ಅದು!"

"ತಣ್ಣಗಾಗೋವರೆಗೂ ನಂದು."

ಓವನ್ನಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಗೊಣಗುತ್ತ ಅವಳೂ ಪಕ್ಕದಲ್ಲಿ ಕೂತಳು. ಬೆನ್ನು ಬೆಚ್ಚಗಿತ್ತು. ನಾನು ಏಳಲೇ ಇಲ್ಲ. ನಾನು!

ಮಧ್ಯಾಹ್ನ

ಬಾಗಿಲು ಬೆನ್ನಿಗೆ ತಣ್ಣಗೆ ತಾಗಿದ ಮೇಲೆ ತೆರೆದೆ. ನಾಣ್ಯ ಅಕ್ಕನ ಕೈಗೆ ಕೊಟ್ಟೆ. ಟಣ್. ಟಣ್. ಬಾಗಿದ ಕಡೆ — ಟಣ್! ಮೇಸ್ತ್ರಿ ಭಾರ ಹೇರಿ ನೋಡಿದರು. ಬಾಗಿತು, ಚಿಮ್ಮಿತು. ಅವರು ಕಣ್ಣೊರೆಸಿಕೊಂಡರು. ಧೂಳಂತೆ.

ಮಾರ್ಚ್ 20

ಮೈದಾನದ ಮೆಟ್ಟಿಲ ಮೇಲೆ ಬರೆಯುತ್ತಿದ್ದೇನೆ. ಅಕ್ಕ ಮೊದಲು! ತಂಡಕ್ಕೆ ಆಯ್ಕೆ! ಕೂಗಿ ಕೂಗಿ ಗಂಟಲು ಹೋಗಿದೆ. ಓಟ ಮುಗಿದರೂ ಅವಳು ನಿಲ್ಲುತ್ತಿಲ್ಲ, ಇನ್ನೊಂದು ಸುತ್ತು ಹೊರಟಿದ್ದಾಳೆ. ಮೇಸ್ತ್ರಿ ಚಪ್ಪಲಿ ಬಿಟ್ಟು ಹಿಂದೆ ಓಡುತ್ತಿದ್ದಾರೆ.

"ಬಾರೇ ಮಿಡತೆ, ಹಿಡಿ ನೋಡೋಣ!" ಅಕ್ಕ ಕೂಗುತ್ತಿದ್ದಾಳೆ.

ಇನ್ನು ಕೂತಿರಲು ನನ್ನಿಂದ —