ಹುಣಸೆಕುಂಟೆಯಲ್ಲಿ ಒಂದು ನಿಮಿಷ

ಹುಣಸೆಕುಂಟೆ ರೈಲು ನಿಲ್ದಾಣ
ಇಸವಿ ೨೨೧೪, ಹದಿಮೂರನೇ ತಿಂಗಳು, ಎರಡನೇ ತಾರೀಖು

ಪಿಳ್ಳಕ್ಕನಿಗೆ,

ತಾರೀಖು ನೋಡಿ ಗಾಬರಿಯಾಗಬೇಡ. ಹನ್ನೆರಡು ತಿಂಗಳಿಂದಲೂ ಒಂದಿಷ್ಟು ದಿನ ಕಿತ್ತು ನಾವು ಹೆಚ್ಚಿನದೊಂದು ತಿಂಗಳು ಮಾಡಿಕೊಂಡಿದ್ದೇವೆ. ಬಿಡುವು ಎಂದು ಅದರ ಹೆಸರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸು. ನಾನು ನಿನ್ನ ಮರಿಮಗಳ ಮರಿಮಗಳು, ಇಂಚರ. ನನಗೆ ಅರವತ್ತೆಂಟು, ಈ ಕಾಗದ ಕೈಸೇರುವಾಗ ನಿನಗೆ ನಲವತ್ತೆರಡು. ಅಜ್ಜಿ ಎಂದರೆ ನಿನಗೆ ಸಿಟ್ಟು ಬರುತ್ತದೆ, ಮಗಳೇ ಎಂದರೆ ನನಗೆ ಪಾಪ ತಟ್ಟುತ್ತದೆ. ಅಕ್ಕ ಎಂದುಬಿಡುತ್ತೇನೆ.

ಬಿಡುವಿನಲ್ಲಿ ತೆರೆದಿರುವ ಕಚೇರಿ ಹಿಂದಂಚೆ ಒಂದೇ. ತೀರಿಹೋದ ಹಿರಿಯರಿಗೆ, ಅವರು ಬದುಕಿದ್ದ ಕಾಲಕ್ಕೆ ಕಾಗದ ಮುಟ್ಟಿಸುವುದು ಅದರ ಕೆಲಸ. ಒಬ್ಬರಿಗೆ ಜನ್ಮಕ್ಕೊಂದೇ ಕಾಗದ. ಎಲ್ಲರೂ ಅಪ್ಪನಿಗೋ ಅಮ್ಮನಿಗೋ ಬರೆದು, ಅತ್ತು, ಹಗುರಾಗುತ್ತಾರೆ. ನಾನು ನಿನಗೆ ಬರೆಯುತ್ತಿದ್ದೇನೆ, ಏಕೆಂದರೆ ನೀನು ಮುನಿಸಿಕೊಂಡು ಕೂತಿದ್ದೀ.

ವಿಮಾನ ನಿಲ್ದಾಣಕ್ಕೆ ಹೊಸ ರೈಲು ಹಾಕುವ ಬಗ್ಗೆ, ನಿನ್ನ ಲೆಕ್ಕದಲ್ಲಿ ಮೊನ್ನೆ, ಜನರ ಸಭೆ ಕರೆದಿದ್ದರು. ನಕ್ಷೆಯಲ್ಲಿ ಹಳಿ ನಮ್ಮೂರಿನ ಹಿತ್ತಲಲ್ಲೇ ಹಾದುಹೋಗುತ್ತದೆ, ಆದರೆ ನಗರ ಬಿಟ್ಟ ರೈಲು ವಿಮಾನದ ಬಾಗಿಲಿಗೇ ಹೋಗಿ ನಿಲ್ಲುತ್ತದೆ. ಆ ವಿಮಾನ ನಿಲ್ದಾಣದಲ್ಲಿ ನೆಲ ಒರೆಸುವ ಕೆಲಸ ನಿನ್ನದು. ಕುಂಟೆಯ ಏರಿ ಮೇಲೆ ನಿಂತರೆ ಅಲ್ಲಿನ ಬೆಳಕು ಕಾಣುತ್ತದೆ, ತಲುಪಬೇಕಾದರೆ ಮಾತ್ರ ಎರಡು ಬಸ್ಸು ಬದಲಿಸಿ ಸುತ್ತಬೇಕು. ದೀಪದ ಬುಡದಲ್ಲೇ ಕತ್ತಲೆ. ಅದಕ್ಕೇ ನೀನು ಎದ್ದು, “ನಮ್ಮೂರಾಗೂ ಒಂದು ನಿಮಿಷ ನಿಲ್ಸಿ ಸ್ವಾಮಿ” ಎಂದೆ. ವೇದಿಕೆ ಮೇಲಿದ್ದವರೊಬ್ಬರು, “ನಿಮ್ಮೂರೋರು ಯಾವ ಪ್ಲೇನ್ ಹಿಡೀಬೇಕಮ್ಮಾ?” ಎಂದರು. ಸಭೆಯೆಲ್ಲ ನಕ್ಕಿತು. ಮನೆಗೆ ಬಂದವಳೇ ನೀನು, “ಇನ್ನ ಆ ಕಡೆ ತಲೆ ಹಾಕ್ಕೊಂಡೂ ಮಲಗಲ್ಲ” ಎಂದು ಸೆರಗು ಕೊಡವಿದೆಯಂತೆ. ನಾಳೆ ಕೊನೆಯ ಸಭೆ. ಅದಕ್ಕೆ ನೀನು ಹೋದೆಯೋ ಇಲ್ಲವೋ ಎಂಬಲ್ಲಿಗೆ ಬಂದರೆ ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನೀನು ಹೋಗದೇ ಉಳಿದುಬಿಟ್ಟರೆ ಎಂದೇ ನನಗೆ ಭಯ.

ಇಲ್ಲಿಯ ಸಂಗತಿ ಕೇಳು. ವಿಮಾನಗಳು ಈಗ ಕಡಿಮೆ. ತೇಲುಗ ಎಂಬ ಗಾಳಿಹಡಗುಗಳು ಬರುತ್ತವೆ, ಕೆರೆಯಿಂದ ಏಳಲೊಲ್ಲದ ಎಮ್ಮೆಯಷ್ಟು ನಿಧಾನ. ದುಬೈಗೆ ಮೂರು ದಿನ. ಅಷ್ಟೂ ದಿನ ಹಿಂಡೂಟ, ಅಂದರೆ ಕೊಳವೆಯಿಂದ ಬಾಯಿಗೆ ಹಿಂಡಿಕೊಳ್ಳುವ ಊಟ. ಅದರ ರುಚಿಯ ಮಾತು ಬೇಡ. ಹಾಗಾಗಿ ಹೊರಟವರೆಲ್ಲ ಮೊದಲು ಹುಣಸೆಕುಂಟೆಯಲ್ಲಿ ಇಳಿದು, ಪೆಟ್ಟಿಗೆ ಬದಿಗಿಟ್ಟು, ಮುದ್ದೆ, ಅವರೆಕಾಳು ಸಾರು ಉಂಡು ಮುಂದಿನ ಗಾಡಿ ಹತ್ತುತ್ತಾರೆ. ಮುದ್ದೆ ತಿರುವುವವಳು ನಾನೇ. ಮೊನ್ನೆ ಒಬ್ಬ ಪುಣ್ಯಾತ್ಮ ಮೂರನೇ ಮುದ್ದೆಗೆ ಕೈ ಹಾಕಿ ತೇಲುಗ ತಪ್ಪಿಸಿಕೊಂಡ, ಬೇಜಾರೂ ಮಾಡಿಕೊಳ್ಳಲಿಲ್ಲ. ಆದರೂ ಇಲ್ಲಿ ಹತ್ತಿ ಇಳಿಯುವವರಲ್ಲಿ ಹಾರುವವರಿಗಿಂತ ಗುಡಿಸುವವರು, ಮೂಟೆ ಹೊರುವವರು, ಶಾಲೆಯ ಮಕ್ಕಳೇ ಹೆಚ್ಚು. ಬೆಳಿಗ್ಗೆ ಎಲ್ಲರೂ ಹಳಿ ಪಕ್ಕದ ದ್ರಾಕ್ಷಿ ಚಪ್ಪರದ ಕೆಳಗೆ ಹರಟುತ್ತ ಕಾಯುತ್ತಾರೆ. ನನ್ನ ಗಂಡ ನನ್ನನ್ನು ಮೊದಲು ನೋಡಿದ್ದೂ ಗಾಡಿಯ ಕಿಟಕಿಯಿಂದಲೇ. ಗಾಡಿ ನಿಂತದ್ದು ಒಂದು ನಿಮಿಷ, ಅವರಿಗೆ ಅಷ್ಟು ಸಾಕಾಯಿತು. ನಾವು ಸುಖವಾಗಿದ್ದೇವೆ ಅಕ್ಕ, ಹಾಗೆಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ನಗುವವರ ಮುಂದೆ ಎಡವಿ ಬಿದ್ದ ಹಾಗಾಯಿತು ಎಂಬ ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ಮನೆಯಲ್ಲಿ ಆ ಕಥೆ ಕೇಳುವಾಗ ನನಗೂ ಮೈ ಉರಿಯುತ್ತದೆ. ಆದರೆ ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡಳು, ಇವರು ಕೇಳದೆ ರೈಲು ನಿಲ್ಲಿಸುತ್ತಾರೆಯೇ? ನಾಳೆ ಹೋಗು. ಒಬ್ಬಳೇ ಬೇಡ, ನಿನ್ನ ಜೊತೆ ಕೆಲಸಕ್ಕೆ ಬರುವ ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತುಕೋ. ಅವರು ಮತ್ತೆ ನಕ್ಕರೆ, ನಗು ನಿಲ್ಲುವವರೆಗೂ ನಿಂತೇ ಇರು, ಆಮೇಲೆ ಇನ್ನೊಂದು ಸಲ ಕೇಳು.

ಸಂಜೆಯಾಗುತ್ತಿದೆ. ನನ್ನ ಮಗಳು ವಿಮಾನ ನಿಲ್ದಾಣದಲ್ಲಿ ತೇಲುಗಗಳ ಹಗ್ಗ ಕಟ್ಟುವ ಕೆಲಸ ಮುಗಿಸಿ ಮನೆಗೆ ಹೊರಟಿದ್ದಾಳೆ. ಹಳಿಯ ಸದ್ದು ಕೇಳಿಸುತ್ತಿದೆ. ಈ ಗಾಡಿ ಇಲ್ಲಿ ನಿಲ್ಲಬೇಕು ಅಕ್ಕ, ಅದರಲ್ಲಿ ನನ್ನ ಮಗಳಿದ್ದಾಳೆ.

ನಿನ್ನ
ಇಂಚರ