ಇವತ್ತು ಹಾಲು ನೀವೇ ಕುಡಿಸಿ

ರೀ, ಎದ್ದ ತಕ್ಷಣ ಇದನ್ನು ಓದಿ. ನಿಮ್ಮಮ್ಮನ ಮುಂದೆ ಓದಬೇಡಿ. ನಿಮ್ಮನ್ನು ಎಬ್ಬಿಸಿದರೆ ಅವರೂ ಏಳುತ್ತಾರೆ, ಅದಕ್ಕೇ ಚೀಟಿ. ನನಗೆ ಇವತ್ತೂ ರಜೆ ಕೊಡಲಿಲ್ಲ.

ಪಂಪ್ ಮಾಡಿದ ಹಾಲು ಫ್ರಿಜ್ಜಿನಲ್ಲಿದೆ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಒಲೆಯ ಮೇಲಿಡಬೇಡಿ. ಅತ್ತೆ "ನಾನು ಕುಡಿಸ್ತೀನಿ, ನೀನು ಮಲ್ಕೋ" ಅಂದರೂ ಬಾಟಲಿ ಅವರ ಕೈಗೆ ಕೊಡಬೇಡಿ. ನಿದ್ದೆ ನಾಳೆ ಮಾಡಬಹುದು.

ಈ ವಾರವೆಲ್ಲ ನಾನು ಕೆಲಸದಿಂದ ಬರುವಾಗ ಬಾಟಲಿಗಳು ಖಾಲಿ, ಮಗುವಿನ ಬಟ್ಟೆ ಒಣ. ಕುಡಿದ ಮಗು ಉಚ್ಚೆ ಹೊಯ್ಯದೆ ಇರುತ್ತದೆಯೇ? ಬಚ್ಚಲಿನಲ್ಲಿ ಹುಳಿ ವಾಸನೆ ಅಂದಾಗ ನೀವು ಇಲಿ ಸತ್ತಿರಬೇಕು ಅಂದಿರಿ. ಅದು ನನ್ನ ಹಾಲು. ನಿನ್ನೆ ಅತ್ತೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದದ್ದು ಮೆಟ್ಟಿಲ ಹತ್ತಿರ ಕೇಳಿಸಿತು: "ಬಾಟ್ಲಿ ಸಿಗೋವರೆಗೂ ಎದೆಗೆ ಬಾಯಿ ಹಾಕಲ್ಲ ಕಣೇ. ಹೊಟ್ಟೆ ಚುರುಗುಟ್ಟಿದ್ರೆ ತಾನಾಗೇ ದಾರಿಗೆ ಬರ್ತಾನೆ."

ಅವರಿಗೆ ಮೊಮ್ಮಗನ ಮೇಲೆ ಪ್ರೀತಿಯಿಲ್ಲ ಅನ್ನುತ್ತಿಲ್ಲ. ಆದರೆ ಅವನು ಹುಟ್ಟಿದಾಗಿನಿಂದ ಎದೆ ಹಿಡಿದಿಲ್ಲ, ಉಪವಾಸ ಕೆಡವಿದರೆ ಹಿಡಿಯುವುದೂ ಇಲ್ಲ. ಡಾಕ್ಟರು ಇದನ್ನು ನಿಮ್ಮೆದುರೇ ಹೇಳಿದ್ದಾರೆ. ಜಗಳ ನಾನು ಬಂದ ಮೇಲೆ ಆಡುತ್ತೇನೆ, ನೀವು ಮಗುವನ್ನು ನೋಡಿಕೊಂಡರೆ ಸಾಕು.

ರಾತ್ರಿ ನಾನು ಕುಡಿಸಿದ ಮೇಲೆ ಬಟ್ಟೆ ಒದ್ದೆ ಮಾಡಿದ. ಮಧ್ಯಾಹ್ನದೊಳಗೆ ಮತ್ತೆ ಮಾಡದಿದ್ದರೆ ನನಗಾಗಿ ಕಾಯದೆ ಆಸ್ಪತ್ರೆಗೆ ಎತ್ತಿಕೊಂಡು ಹೋಗಿ. ಅತ್ತರೆ ಹೆದರಬೇಡಿ, ಸುಮ್ಮನಿದ್ದರೆ ಹೆದರಿ. ನಿನ್ನೆ ನಾನು ಬಂದಾಗ ಅವನು ಅಳುತ್ತಿರಲಿಲ್ಲ. "ಹಟ ಬಿಟ್ಟ ನೋಡು" ಅಂದರು ಅತ್ತೆ.